ರಾಡಿನ ಮೇಲಿನ 6013 ಓದಲು ಬರುತ್ತಿದೆಯಾ?

ಓದುಗರ ಪ್ರಶ್ನೆ, ವೆಲ್ಡಿಂಗ್ ಮೇಷ್ಟ್ರ ಉತ್ತರ

ವೆಲ್ಡರ್‌ಗಳ ಕಣ್ಣು, ಕನ್ನಡಕ, ಬಟ್ಟೆ ಇವುಗಳ ಬಗ್ಗೆ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ತಿಂಗಳು ಹೇಳಿದ್ದೆ. ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಮಾತು ಹೇಳುತ್ತಿದ್ದವು. ನಲವತ್ತು ದಾಟಿದೆ, ಜಾಯಿಂಟ್ ಸರಿಯಾಗಿ ಕಾಣುತ್ತಿಲ್ಲ, ದಯವಿಟ್ಟು ಹೆಸರು ಹಾಕಬೇಡಿ. ಆ ಸಂಕೋಚ ಎಂಥದ್ದು ಅಂತ ನನಗೆ ಗೊತ್ತು. ಹನ್ನೊಂದು ವರ್ಷ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ರಾಡ್ ಹಿಡಿದೆ, ಆಮೇಲೆ ಇಪ್ಪತ್ತಾರು ವರ್ಷ ಐಟಿಐಯಲ್ಲಿ ವೆಲ್ಡರ್ ಟ್ರೇಡ್ ಕಲಿಸಿದೆ. ಆದರೂ ಇದೇ ವಿಷಯವನ್ನು ಆರು ತಿಂಗಳು ಮುಚ್ಚಿಟ್ಟಿದ್ದೆ. ಹಾಗಾಗಿ ಇಲ್ಲಿ ಊರಿನ ಹೆಸರು ಮಾತ್ರ ಹಾಕಿದ್ದೇನೆ.

ಶಿವಮೊಗ್ಗದಿಂದ

ಪ್ರಶ್ನೆ: ಮೇಷ್ಟ್ರೇ, ನನಗೆ 46 ವರ್ಷ. ಗೇಟು, ಗ್ರಿಲ್ಲು, ಶೀಟಿನ ಶೆಡ್ಡು, 22 ವರ್ಷದಿಂದ ಇದೇ ಕೆಲಸ. ಐದಾರು ತಿಂಗಳಿಂದ ಬೆಸುಗೆಯ ಸಾಲು, ಅಂದರೆ ರನ್, ಸೊಟ್ಟ ಹೋಗುತ್ತಿದೆ. ಕಪ್ಪು ಗ್ಲಾಸ್ ಬದಲಾಯಿಸಿದೆ, ರಾಡ್ ಕಂಪನಿ ಬದಲಾಯಿಸಿದೆ, ಮೆಷಿನ್ ರಿಪೇರಿ ಕೂಡ ಮಾಡಿಸಿದೆ. ದೂರದ ಬೋರ್ಡು ಎಲ್ಲ ಚೆನ್ನಾಗಿ ಕಾಣುತ್ತದೆ. ಕೈ ಹಿಡಿತವೇ ಹೋಯಿತೇನೋ ಅಂತ ಭಯ. ಮಗ, ಬೆಳಕಿಗೆ ಗ್ಲಾಸ್ ತಾನಾಗಿ ಕಪ್ಪಾಗುವ ಆಟೋ ಹೆಲ್ಮೆಟ್ ತಗೋ ಅನ್ನುತ್ತಿದ್ದಾನೆ. ತಗೊಂಡರೆ ಸರಿಹೋಗುತ್ತದಾ?

ಉತ್ತರ: ನಿಮ್ಮ ಕೈ ಚೆನ್ನಾಗಿಯೇ ಇದೆ ಅಂತ ನನ್ನ ನಂಬಿಕೆ. ನೀವು ಬರೆದಿರುವುದನ್ನು ನೋಡಿದರೆ ನಿಮಗೆ ಬಂದಿರುವುದು ಚಾಳೀಸು.

ವಯಸ್ಸಾದ ಹಾಗೆ ಕಣ್ಣಿನೊಳಗಿನ ಲೆನ್ಸ್ ಗಟ್ಟಿಯಾಗುತ್ತಾ ಬರುತ್ತದೆ. ಹತ್ತಿರದ ವಸ್ತು ನೋಡುವಾಗ ಅದು ಉಬ್ಬಬೇಕು, ಮೊದಲಿನ ಹಾಗೆ ಉಬ್ಬುವುದಿಲ್ಲ. ನಲವತ್ತರ ಆಸುಪಾಸಿನಲ್ಲಿ ಎಲ್ಲರಿಗೂ ಶುರುವಾಗುತ್ತದೆ. ಪೇಪರ್ ಓದುವವರಿಗೆ ಬೇಗ ತಿಳಿಯುತ್ತದೆ, ಪೇಪರನ್ನು ದೂರ ಹಿಡಿಯಲು ಶುರು ಮಾಡುತ್ತಾರೆ. ನಮಗೆ ತಿಳಿಯುವುದು ತಡ. ಕಾಣದಿದ್ದರೆ ಗ್ಲಾಸಿನ ಮೇಲೆ, ರಾಡಿನ ಮೇಲೆ, ಕರೆಂಟಿನ ಮೇಲೆ ಹಾಕುತ್ತೇವೆ. ಇನ್ನೊಂದು ಕಷ್ಟವೂ ಇದೆ. ಮಬ್ಬಿನಲ್ಲಿ ಕಣ್ಣಪಾಪೆ ಅಗಲವಾಗುತ್ತದೆ, ಅಗಲವಾದಷ್ಟೂ ಮಸುಕು ಜಾಸ್ತಿ. ಅದಕ್ಕೇ ಬಿಸಿಲಿನಲ್ಲಿ ಪೇಪರ್ ಓದಬಲ್ಲ ಮನುಷ್ಯ ಕಪ್ಪು ಗ್ಲಾಸಿನ ಹಿಂದೆ ಜಾಯಿಂಟ್ ಕಾಣದೆ ಒದ್ದಾಡುತ್ತಾನೆ.

ಒಂದು ಪರೀಕ್ಷೆ ಮಾಡಿ. ರಾಡಿನ ಹೋಲ್ಡರ್ ಕಡೆಯ ತುದಿಯ ಹತ್ತಿರ, ಲೇಪದ ಮೇಲೆ, ಚಿಕ್ಕದಾಗಿ 6013 ಅಂತ ರಾಡಿನ ಜಾತಿಯ ನಂಬರ್ ಅಚ್ಚು ಹಾಕಿರುತ್ತಾರೆ. ನೀವು ವೆಲ್ಡ್ ಮಾಡುವಾಗ ಜಾಯಿಂಟ್ ಎಷ್ಟು ದೂರ ಇರುತ್ತದೋ ಅಷ್ಟೇ ದೂರಕ್ಕೆ ಆ ರಾಡ್ ಹಿಡಿಯಿರಿ. ಅಂಕಿ ಓದಲು ಬಂತಾ? ಕೈ ಚಾಚಿದ ಮೇಲೆ ಮಾತ್ರ ಓದಲು ಬಂದರೆ ಉತ್ತರ ಸಿಕ್ಕಿತು ಅಂದುಕೊಳ್ಳಿ.

ನನಗೆ ಇದು ತಿಳಿದದ್ದು 2006ರಲ್ಲಿ, 43ನೇ ವಯಸ್ಸಿನಲ್ಲಿ. ಆರಿಂಚಿನ ಪೈಪಿಗೆ ರೂಟ್ ರನ್, ಅಂದರೆ ಗ್ಯಾಪಿನ ತಳದ ಮೊದಲ ಸಾಲು, ಹಾಕುವುದನ್ನು ಹುಡುಗರಿಗೆ ತೋರಿಸುತ್ತಿದ್ದೆ. ಸುತ್ತ ಹನ್ನೆರಡು ಹುಡುಗರು ಕಪ್ಪು ಗ್ಲಾಸಿನ ಸ್ಕ್ರೀನನ್ನು ಮುಖದ ಮುಂದೆ ಹಿಡಿದು ಬಗ್ಗಿದ್ದರು. ಅದರಲ್ಲಿ ಒಬ್ಬ ಮೆಲ್ಲಗೆ, "ಸರ್, ರಾಡು ಗ್ಯಾಪ್ ಬಿಟ್ಟು ಈ ಕಡೆ ಬಂದಿದೆ" ಅಂದ. ಆರ್ಕ್ (ರಾಡಿನ ತುದಿಯ ವಿದ್ಯುತ್ ಉರಿ) ನಿಲ್ಲಿಸಿ, ಬೆಸುಗೆಯ ಮೇಲೆ ಕಟ್ಟಿದ ಗಟ್ಟಿ ಪದರ ಸ್ಲ್ಯಾಗ್ ತೆಗೆದು ನೋಡಿದೆ. ರನ್ನು ಪೈಪಿನ ಒಂದು ಅಂಚಿನ ಮೇಲೇ ಹತ್ತಿ ಕೂತಿತ್ತು. ಪಕ್ಕದಲ್ಲಿ ಗ್ಯಾಪ್ ಹಾಗೇ ಬಾಯಿ ಬಿಟ್ಟುಕೊಂಡಿತ್ತು, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಆ ಹುಡುಗ ತಲೆ ತಗ್ಗಿಸಿ ನಿಂತಿದ್ದ, ಹೇಳಿ ತಪ್ಪು ಮಾಡಿದೆನೇನೋ ಅನ್ನುವ ಹಾಗೆ. ಅವನ ಬೆನ್ನು ತಟ್ಟಿದೆ. ಅವತ್ತೇ ಸಂಜೆ ಕಣ್ಣು ತೋರಿಸಲು ಹೋದೆ.

ಪರೀಕ್ಷೆ ಮಾಡಿದವರು ಓದುವ ಕಾರ್ಡು ಕೊಟ್ಟು +1.25 ಅಂದರು. ಕನ್ನಡಕ ಬಂತು. ಪೇಪರ್ ಚೆನ್ನಾಗಿ ಕಂಡಿತು, ಪೈಪಿನ ಗ್ಯಾಪು ಕಾಣಲಿಲ್ಲ. ಯಾಕೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು. ಓದುವ ಕಾರ್ಡನ್ನು ಸಾಮಾನ್ಯವಾಗಿ 40 ಸೆಂಟಿಮೀಟರ್ ದೂರಕ್ಕೆ ಹಿಡಿಸುತ್ತಾರೆ. ನಾನು ಪೈಪಿಗೆ ಎಷ್ಟು ಹತ್ತಿರ ಹೋಗುತ್ತೇನೆ ಅಂತ ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮರುದಿನ ಮೆಷಿನ್ ಆಫ್ ಮಾಡಿ, ಕೆಲಸದ ಭಂಗಿಯಲ್ಲೇ ಕೂತು, ಒಬ್ಬ ಹುಡುಗನ ಕೈಗೆ ದಾರ ಕೊಟ್ಟೆ. ನನ್ನ ಕಣ್ಣಿನ ಮೂಲೆಯಿಂದ ರಾಡಿನ ತುದಿಯವರೆಗೆ ಹಿಡಿದು ಗಂಟು ಹಾಕಿದ. ಅಳೆದರೆ 32 ಸೆಂಟಿಮೀಟರ್. ಆ ದಾರವನ್ನು ಜೇಬಿನಲ್ಲಿಟ್ಟುಕೊಂಡು ಕನ್ನಡಕದ ಅಂಗಡಿಗೆ ಮತ್ತೆ ಹೋದೆ. ಅವರು ಕಾರ್ಡನ್ನು ದಾರದ ಅಳತೆಗೆ ಹಿಡಿದು ಮತ್ತೆ ಪರೀಕ್ಷೆ ಮಾಡಿ +1.75 ಬರೆದರು. ವಸ್ತು ಹತ್ತಿರ ಬಂದಷ್ಟೂ ಪವರ್ ಜಾಸ್ತಿ ಬೇಕಾಗುತ್ತದೆ, ಅಷ್ಟೇ ವಿಷಯ.

ನೀವೂ ದಾರ ತೆಗೆದುಕೊಂಡು ಹೋಗಿ. ನಿಮ್ಮದು ನೆಲದ ಮೇಲೆ ಕೂತು ಮಾಡುವ ಗೇಟಿನ ಕೆಲಸವಾದ್ದರಿಂದ ದೂರ 45, 50 ಬರಬಹುದು. ಆಗ ಓದುವ ಪವರಿಗಿಂತ ಸ್ವಲ್ಪ ಕಡಿಮೆಯೇ ಸಾಕಾದೀತು. ಆ ದೂರಕ್ಕೆ, ಇಡೀ ಗ್ಲಾಸಿಗೆ ಒಂದೇ ಪವರ್ ಇರುವ ಕನ್ನಡಕ ಮಾಡಿಸಿ. ಕೆಳಗೆ ಅರ್ಧಚಂದ್ರ ಇರುವ ಬೈಫೋಕಲ್ ವೆಲ್ಡಿಂಗಿಗೆ ಬೇಡ. ತಲೆಯ ಮೇಲಿನ ಜಾಯಿಂಟ್ ಹೊಡೆಯುವಾಗ ಆ ಅರ್ಧಚಂದ್ರದಲ್ಲಿ ನೋಡಲು ಕತ್ತನ್ನು ಪೂರ್ತಿ ಹಿಂದಕ್ಕೆ ಮುರಿಯಬೇಕು. ಹೆಲ್ಮೆಟ್ ಇದ್ದರೆ ಅದೂ ಆಗುವುದಿಲ್ಲ. ಗೆರೆಯಿಲ್ಲದೆ ಮೇಲಿಂದ ಕೆಳಗೆ ಪವರ್ ಬದಲಾಗುವ ಪ್ರೋಗ್ರೆಸಿವ್ ದುಬಾರಿ, ಅದರಲ್ಲಿ ಹತ್ತಿರ ಕಾಣುವ ಜಾಗ ಕಿರಿದು. ಮನೆಗೆ, ಮದುವೆಗೆ ಅದು ಇರಲಿ. ಲೆನ್ಸ್ ಪಾಲಿಕಾರ್ಬೊನೇಟ್ ಕೇಳಿ. ಗಾಜಿನ ಲೆನ್ಸಿಗೆ ಕಿಡಿ ಅಂಟಿ ಗುಳಿ ಬೀಳುತ್ತದೆ, ಪೆಟ್ಟು ಬಿದ್ದರೆ ಒಡೆಯುತ್ತದೆ.

ಕನ್ನಡಕ ಹಾಕಿಕೊಳ್ಳಲು ಆಗುವುದೇ ಇಲ್ಲ ಅನ್ನುವವರಿಗೆ ಹೆಲ್ಮೆಟ್ ಒಳಗೆ ಕೂರಿಸುವ ಭೂತಗನ್ನಡಿ ಪಟ್ಟಿ ಬರುತ್ತದೆ. ಅಂಗಡಿಯವರು ಚೀಟರ್ ಲೆನ್ಸ್ ಅನ್ನುತ್ತಾರೆ. 2 ಇಂಚು ಅಗಲ, ನಾಲ್ಕೂಕಾಲು ಇಂಚು ಉದ್ದ. 1.00, 1.25, 1.50 ಹೀಗೆ ಪವರ್ ಇರುತ್ತದೆ. ಹೆಲ್ಮೆಟ್ ಎತ್ತಿದರೆ ಲೆನ್ಸೂ ಮೇಲೆ ಹೋಗುವುದರಿಂದ ದೂರದ್ದು ಮಾಮೂಲಿನಂತೆ ಕಾಣುತ್ತದೆ, ಇದು ದೊಡ್ಡ ಅನುಕೂಲ. ಆದರೆ ಮೂರು ವಿಷಯ ನೋಡಿಕೊಳ್ಳಿ. ಚಾಳೀಸಿನ ಕನ್ನಡಕದ ಮೇಲೆ ಇದನ್ನೂ ಹಾಕಿದರೆ ಎರಡು ಪವರ್ ಕೂಡಿಕೊಳ್ಳುತ್ತವೆ, ತಲೆನೋವು ಬರುತ್ತದೆ. ಎರಡು ಕಣ್ಣಿನ ಪವರ್ ಬೇರೆ ಬೇರೆ ಇದ್ದರೆ, ಸಿಲಿಂಡರ್ ಪವರ್ (ಕಣ್ಣಿನ ವಕ್ರತೆ ಸಮ ಇಲ್ಲದಿರುವುದಕ್ಕೆ ಕೊಡುವ ಪವರ್) ಇದ್ದರೆ ಇದು ಸರಿಮಾಡುವುದಿಲ್ಲ. ಮತ್ತೆ, ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಹ್ಯಾಂಡ್ ಸ್ಕ್ರೀನಿನ ಗ್ಲಾಸ್ ಮೂರೂಕಾಲು ಇಂಚು ಅಗಲದ್ದು. ಅದರಲ್ಲಿ ಈ ಪಟ್ಟಿ ಗಟ್ಟಿಯಾಗಿ ಕೂರುವುದಿಲ್ಲ, ಕ್ಲಿಪ್ ಇರುವ ಹೆಲ್ಮೆಟ್ಟೇ ಬೇಕು.

ಇದೆಲ್ಲಕ್ಕಿಂತ ಮೊದಲು ಇವತ್ತೇ ಮಾಡಬಹುದಾದದ್ದು ಎರಡಿದೆ. ಕಪ್ಪು ಗ್ಲಾಸಿನ ಮುಂದಿರುವ ವೈಟ್ ಗ್ಲಾಸ್ ತೆಗೆದು ಬಿಸಿಲಿಗೆ ಹಿಡಿದು ನೋಡಿ. ಕಿಡಿ ಅಂಟಿ ಮರಳು ಕಾಗದದ ಹಾಗೆ ಆಗಿದ್ದರೆ ಬಿಸಾಕಿ ಹೊಸದು ಹಾಕಿ. ಒಂದು ಕಾಫಿಯ ದುಡ್ಡಿಗೆ ಸಿಗುವ ಆ ಗ್ಲಾಸಿನಲ್ಲಿ ಎಷ್ಟೋ ವೆಲ್ಡರ್‌ಗಳು ಜಿಪುಣತನ ಮಾಡುತ್ತಾರೆ. ಎರಡನೆಯದು, ಜಾಯಿಂಟಿನ ಮೇಲೆ ಪಕ್ಕದಿಂದ ಒಂದು ಎಲ್‌ಇಡಿ ದೀಪ ಬೀಳುವಂತೆ ಕಟ್ಟಿ. ನಿಮ್ಮ ಹಿಂದೆ ಕಟ್ಟಬೇಡಿ, ಬೆಳಕು ಸ್ಕ್ರೀನಿನ ಒಳಗೆ ಬಿದ್ದು ಗ್ಲಾಸಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ.

ಗ್ಲಾಸಿನ ನಂಬರನ್ನೂ ನೋಡಿಕೊಳ್ಳಿ. ನೀವು 10 ನಂಬರ್ ರಾಡ್, ಅಂದರೆ 3.15 ಎಂಎಂ, 110 ಆಂಪಿಯರಿನ ಆಸುಪಾಸಿನಲ್ಲಿ ಹೊಡೆಯುತ್ತೀರಿ ಅಲ್ವಾ? ಅದಕ್ಕೆ ಶೇಡ್ 10 ಸಾಕು. ಕಪ್ಪಾದಷ್ಟೂ ಒಳ್ಳೆಯದು ಅಂತ 12, 13 ಹಾಕಿಕೊಂಡು ಕುರುಡನ ಹಾಗೆ ತಡಕಾಡುವವರನ್ನು ನೋಡಿದ್ದೇನೆ. ಕಪ್ಪು ಜಾಸ್ತಿ ಇರುವುದರಿಂದ ಶುರು ಮಾಡಿ, ಕರಗಿದ ಲೋಹ ಮತ್ತು ಜಾಯಿಂಟಿನ ಎರಡೂ ಅಂಚು ಸ್ಪಷ್ಟ ಕಾಣುವವರೆಗೆ ಒಂದೊಂದೇ ನಂಬರ್ ಇಳಿಸಿ. ರಾಡ್ ವೆಲ್ಡಿಂಗಿನಲ್ಲಿ 60ರಿಂದ 160 ಆಂಪಿಯರಿಗೆ 8ಕ್ಕಿಂತ ಕೆಳಗೆ ಹೋಗಬಾರದು, 160 ದಾಟಿದರೆ 10ಕ್ಕಿಂತ ಕೆಳಗೆ ಹೋಗಬಾರದು.

ಆಟೋ ಹೆಲ್ಮೆಟ್ ಒಳ್ಳೆಯದೇ. ರಾಡನ್ನು ಎಲ್ಲಿ ಇಟ್ಟು ಶುರು ಮಾಡಬೇಕು ಅನ್ನುವುದು ಅದರಲ್ಲಿ ಕಾಣುತ್ತದೆ. ಚಾಳೀಸನ್ನು ಅದು ಸರಿಮಾಡುವುದಿಲ್ಲ. ಮೊದಲು ಕನ್ನಡಕ, ಆಮೇಲೆ ಹೆಲ್ಮೆಟ್. ಕನ್ನಡಕ ಹಾಕಿದ ಮೇಲೂ ಮಂಜು ಮಂಜಾಗಿದ್ದರೆ, ಬೆಳಗ್ಗೆ ಒಂದು ಥರ ಸಂಜೆ ಒಂದು ಥರ ಕಂಡರೆ, ಪೊರೆ ಮತ್ತು ಶುಗರ್ ಎರಡನ್ನೂ ನೋಡಿಸಿಕೊಳ್ಳಿ.

ಮೈಸೂರಿನಿಂದ

ಪ್ರಶ್ನೆ: ಆಟೋ ಹೆಲ್ಮೆಟ್ ಆನ್‌ಲೈನಿನಲ್ಲಿ ಸಾವಿರಕ್ಕೂ ಇದೆ, ಹತ್ತು ಸಾವಿರಕ್ಕೂ ಇದೆ. ನಾನು ಸ್ಟೀಲ್ ರೇಲಿಂಗಿನ ಟಿಗ್ (ಆರ್ಗಾನ್ ಗ್ಯಾಸಿನ ವೆಲ್ಡಿಂಗ್) ಕೆಲಸ ಮಾಡುತ್ತೇನೆ. ದೂರದ ಕನ್ನಡಕವೂ ಇದೆ. ಏನು ನೋಡಿ ತಗೊಳ್ಳಲಿ? ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಆರ್ಕಿನ ಬಿಸಿಗೆ ಕಣ್ಣಿಗೇ ಅಂಟಿಕೊಳ್ಳುತ್ತದಂತೆ, ನಿಜಾನಾ?

ಉತ್ತರ: ಕೊನೆಯದು ಸುಳ್ಳು. ಆರ್ಕಿಗೆ ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿಗೆ ಅಂಟುವುದಿಲ್ಲ. ಆದರೆ ಗ್ರೈಂಡಿಂಗ್ ಧೂಳಿನ ಜಾಗದಲ್ಲಿ ಲೆನ್ಸಿನ ಅಡಿಗೆ ಒಂದು ಕಣ ಸೇರಿದರೂ ಸಂಕಟ. ನಿಮ್ಮ ಕೆಲಸಕ್ಕೆ ಕನ್ನಡಕವೇ ಒಳ್ಳೆಯದು. ಹೆಲ್ಮೆಟ್ಟಿನ ಪಟ್ಟಿಯಲ್ಲಿ ಹಿಂದೆ ಮುಂದೆ ಸರಿಸುವ ಕಚ್ಚು ಇರುತ್ತದೆ. ಒಂದು ಕಚ್ಚು ಮುಂದಕ್ಕೆ ಸರಿಸಿದರೆ ಫ್ರೇಮಿಗೆ ತಾಗುವುದಿಲ್ಲ.

ಟಿಗ್‌ಗೆ ನಂಬರ್ ತಿರುಗಿಸುವ ಹೆಲ್ಮೆಟ್ ಬೇಕು, 9ರಿಂದ 13 ಇರುವಂಥದ್ದು. 11ಕ್ಕೇ ನಿಂತಿರುವ ಅಗ್ಗದ್ದು ಬೇಡ. ಸೆನ್ಸಾರ್ ನಾಲ್ಕು ಇದ್ದರೆ ಒಳ್ಳೆಯದು. ರೇಲಿಂಗಿನ ಪೈಪೇ ಒಂದೆರಡು ಸೆನ್ಸಾರಿಗೆ ಅಡ್ಡ ಬಂದುಬಿಡುತ್ತದೆ. ಕಡಿಮೆ ಆಂಪಿಯರಿನ ಟಿಗ್ ಆರ್ಕನ್ನು ಕೆಲವು ಹೆಲ್ಮೆಟ್ ಗುರುತಿಸುವುದೇ ಇಲ್ಲ. ಅದಕ್ಕೆ ಸೆನ್ಸಿಟಿವಿಟಿ ತಿರುಗುಣಿ ಇರಲೇಬೇಕು. ಬ್ಯಾಟರಿ ನಾವೇ ಬದಲಾಯಿಸುವಂತಿರಲಿ. ಯುರೋಪಿನ ಇಎನ್ 379 ಮುದ್ರೆ ಇದ್ದರೆ ಪಕ್ಕದಲ್ಲಿ 1/1/1/2 ಥರ ನಾಲ್ಕು ಅಂಕಿ ಇರುತ್ತವೆ. 1 ಅಂದರೆ ಉತ್ತಮ, 3 ಅಂದರೆ ಕಳಪೆ. ಮೊದಲನೆಯ ಅಂಕಿ ನೋಟ ಎಷ್ಟು ತಿಳಿಯಾಗಿದೆ ಅನ್ನುವುದನ್ನು ಹೇಳುತ್ತದೆ, ಕನ್ನಡಕದವರು ಅದನ್ನು ಮುಖ್ಯವಾಗಿ ನೋಡಬೇಕು. ನಮ್ಮ ದೇಶದಲ್ಲಿ ವೆಲ್ಡಿಂಗ್ ಸ್ಕ್ರೀನ್, ಹೆಲ್ಮೆಟ್ಟಿಗೆ ಐಎಸ್ 1179 ಅಂತ ಮಾನದಂಡ ಇದೆ. ಯಾವ ಮುದ್ರೆಯೂ ಇಲ್ಲದ್ದನ್ನು ಬರೀ ಚಂದದ ಬಣ್ಣ ನೋಡಿ ತಗೊಳ್ಳಬೇಡಿ. ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಒಳ್ಳೆಯ ಫಿಲ್ಟರ್ ತಿಳಿಯಾಗಿರುವಾಗಲೂ ತಡೆಯುತ್ತದೆ. ಮುದ್ರೆ ಇಲ್ಲದ್ದು ತಡೆಯುತ್ತದೆ ಅಂತ ಯಾರೂ ಖಾತ್ರಿ ಕೊಡಲಾರರು.

ದಿನಾ ಬೆಳಗ್ಗೆ ಅದನ್ನು ಹೊರಗೆ ಬಿಸಿಲಿಗೆ ಹಿಡಿಯಿರಿ ಅಥವಾ ಮುಂದೆ ಲೈಟರ್ ಕಿಡಿ ಹಾರಿಸಿ. ಕಪ್ಪಾಗದಿದ್ದರೆ ಅವತ್ತು ಹಳೆಯ ಸ್ಕ್ರೀನೇ ಹಿಡಿಯಿರಿ. ಗ್ರೈಂಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದರಲ್ಲಿಟ್ಟು ಮರೆತು ಆರ್ಕ್ ಹೊಡೆದರೆ ಹೆಲ್ಮೆಟ್ ಕಪ್ಪಾಗುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬನಿಗೆ ಹಾಗೆ ಆಯಿತು. ಆಮೇಲೆ ಆ ಸ್ವಿಚ್ಚಿನ ಪಕ್ಕ ಕೆಂಪು ಟೇಪ್ ಅಂಟಿಸಿದೆವು.

ರಾಣೆಬೆನ್ನೂರಿನಿಂದ

ಪ್ರಶ್ನೆ: ಸರ್, ನಮ್ಮ ಯಜಮಾನರು ವೆಲ್ಡಿಂಗ್ ಕೆಲಸಕ್ಕೆ ಹೋಗುತ್ತಾರೆ. ತಿಂಗಳಿಗೆ ಒಂದೆರಡು ಸಲ ನಡುರಾತ್ರಿ ಎದ್ದು, ಕಣ್ಣಲ್ಲಿ ಮರಳು ಸುರಿದ ಹಾಗೆ ಆಗುತ್ತಿದೆ ಅಂತ ಒದ್ದಾಡುತ್ತಾರೆ. ನೀರು ಸುರಿಯುತ್ತದೆ, ದೀಪ ಹಾಕಲು ಬಿಡುವುದಿಲ್ಲ. ಅತ್ತೆ ಆಲೂಗಡ್ಡೆ ಬಿಲ್ಲೆ ಕಟ್ಟುತ್ತಾರೆ. ಒಂದು ಸಲ ಪಕ್ಕದ ಮನೆಯ ಬಾಣಂತಿಯಿಂದ ಎದೆಹಾಲು ಹಾಕಿಸಿದೆವು. ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸ್‌ಗೆ ತಕ್ಷಣ ಉರಿ ನಿಲ್ಲುತ್ತದೆ. ಅದನ್ನೇ ಮನೆಯಲ್ಲಿ ಇಟ್ಟುಕೊಳ್ಳಬಹುದಾ?

ಉತ್ತರ: ತಾಯಿ, ಆ ಡ್ರಾಪ್ಸ್ ದಯವಿಟ್ಟು ಇಟ್ಟುಕೊಳ್ಳಬೇಡಿ. ತಕ್ಷಣ ಉರಿ ನಿಲ್ಲಿಸುವುದು ಹೆಚ್ಚಾಗಿ ಮರಗಟ್ಟಿಸುವ ಔಷಧಿ. ವೈದ್ಯರು ಪರೀಕ್ಷೆಗೆ ಅಂತ ಒಂದು ಹನಿ ಹಾಕುತ್ತಾರೆ, ಅದು ಬೇರೆ. ಮನೆಯಲ್ಲಿ ಮತ್ತೆ ಮತ್ತೆ ಹಾಕಿದರೆ ಗಾಯ ಮಾಯುವುದು ನಿಂತು, ಕಣ್ಣಿನ ಮುಂದಿನ ಪಾರದರ್ಶಕ ಪೊರೆಯೇ ಕೆಡುತ್ತದೆ.

ಅವರಿಗೆ ಆಗಿರುವುದನ್ನು ನಾವು ಆರ್ಕ್ ಹೊಡೆದಿದೆ ಅನ್ನುತ್ತೇವೆ. ಬಿಸಿಲಿಗೆ ಚರ್ಮ ಸುಡುವ ಹಾಗೆ ಕಣ್ಣಿನ ಮೇಲ್ಪದರ ಸುಟ್ಟಿರುತ್ತದೆ. ಸುಟ್ಟಾಗ ತಿಳಿಯುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಬಿಟ್ಟು ಕಾಣಿಸಿಕೊಳ್ಳುತ್ತದೆ, ಅದಕ್ಕೇ ನಡುರಾತ್ರಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿ ಮಾಯುತ್ತದೆ. ಕತ್ತಲೆ ಕೋಣೆಯಲ್ಲಿ ಮಲಗಿಸಿ, ಮುಚ್ಚಿದ ಕಣ್ಣಿನ ಮೇಲೆ ತಣ್ಣೀರಿನ ಶುದ್ಧ ಬಟ್ಟೆ ಇಡಿ. ಉಜ್ಜಲು ಬಿಡಬೇಡಿ. ಅತ್ತೆಯವರ ಆಲೂಗಡ್ಡೆಯಲ್ಲಿ ಹಿತ ಕೊಡುತ್ತಿರುವುದು ಅದರ ತಂಪು. ಆ ತಂಪನ್ನು ಒದ್ದೆ ಬಟ್ಟೆಯೂ ಕೊಡುತ್ತದೆ. ಸುಟ್ಟ ಕಣ್ಣೊಳಗೆ ಆಲೂಗಡ್ಡೆ ರಸ, ಎದೆಹಾಲು ಯಾವುದೂ ಹೋಗಬಾರದು, ಸೋಂಕಾದರೆ ದೃಷ್ಟಿಗೇ ಸಂಚಕಾರ. ಬೆಳಗ್ಗೆ ಕಣ್ಣಿನ ವೈದ್ಯರ ಹತ್ತಿರ ಹೋಗಲಿ. ಒಂದೇ ಕಣ್ಣು ಉರಿಯುತ್ತಿದ್ದರೆ, ನೋಟ ಮಸುಕಾಗಿದ್ದರೆ ತಡ ಮಾಡಲೇಬೇಡಿ. ಗ್ರೈಂಡರಿನ ಕಬ್ಬಿಣದ ಕಣ ಕೂತಿರಬಹುದು. ಅದು ಕಣ್ಣಿನಲ್ಲೇ ತುಕ್ಕು ಹಿಡಿಯುತ್ತದೆ.

ಒಂದು ಮಾತು ಅವರಿಗೆ ಓದಿ ಹೇಳಿ. ತಿಂಗಳಿಗೆ ಎರಡು ಸಲ ಆಗುತ್ತಿದೆ ಅಂದರೆ ಅವರು ಟ್ಯಾಕ್, ಅಂದರೆ ತುಂಡುಗಳನ್ನು ಹಿಡಿದು ನಿಲ್ಲಿಸುವ ಚಿಕ್ಕ ಬೆಸುಗೆ, ಹಾಕುವಾಗ ಸ್ಕ್ರೀನ್ ಹಿಡಿಯುತ್ತಿಲ್ಲ ಅಂತಲೇ ನನ್ನ ಅನುಮಾನ. ಒಂದು ಕೈಯಲ್ಲಿ ಕಬ್ಬಿಣ, ಒಂದು ಕೈಯಲ್ಲಿ ಹೋಲ್ಡರ್, ಕಣ್ಣು ಮುಚ್ಚಿ ಒಂದು ಚಿಟಿಕೆ ಹೊತ್ತು ಅಷ್ಟೇ ಅಂತ ನಾವೆಲ್ಲ ಮಾಡಿದ್ದೇವೆ. ದಿನಕ್ಕೆ ಐವತ್ತು ಟ್ಯಾಕ್ ಆದರೆ ಐವತ್ತು ಚಿಟಿಕೆ. ಅದಕ್ಕೆ ತಲೆಗೆ ಹಾಕುವ ಹೆಲ್ಮೆಟ್ ಬೇಕು, ಕೈ ಎರಡೂ ಖಾಲಿ ಇರುತ್ತವೆ. ಕೂಲಿಂಗ್ ಗ್ಲಾಸಿನಿಂದ ಆಗುವುದಿಲ್ಲ. ಪಕ್ಕದಿಂದ ಕಿರಣ ನುಗ್ಗುತ್ತದೆ, ಮುಂದಿನ ಬೆಳಕಿಗೂ ಆ ಕಪ್ಪು ಏನೇನೂ ಸಾಲದು.

ಹಾಸನದಿಂದ

ಪ್ರಶ್ನೆ: ಸರ್, ನಾನು ಐಟಿಐ ವೆಲ್ಡರ್ ಟ್ರೇಡಿನ ವಿದ್ಯಾರ್ಥಿನಿ. ನಮ್ಮ ಬ್ಯಾಚಿನಲ್ಲಿ ಇಬ್ಬರೇ ಹುಡುಗಿಯರು. ಗ್ಲೌಸ್ ಎಲ್ಲ ದೊಡ್ಡದು, ರಾಡ್ ಹಿಡಿಯಲು ಆಗುವುದಿಲ್ಲ. ಚೂಡಿದಾರ್ ಮೇಲೆ ಏಪ್ರನ್ ಹಾಕಿಕೊಂಡರೆ ಸಾಕಾ? ಏನೇನು ಕೊಂಡುಕೊಳ್ಳಬೇಕು?

ಉತ್ತರ: ಮಗಳೇ, ನನ್ನ ತರಗತಿಯ ಹುಡುಗಿಯರ ಹಾಗೆ ನಿನ್ನನ್ನೂ ನೀನು ಅಂತಲೇ ಕರೆಯುತ್ತೇನೆ.

ಮೊದಲು ನಿನ್ನ ಚೂಡಿದಾರ್ ಬಟ್ಟೆ ಯಾವುದು ಅಂತ ನೋಡು. ಒಳಹೊಲಿಗೆಯ ಹತ್ತಿರ ಒಂದು ದಾರ ಎಳೆದು, ಇಕ್ಕಳದಲ್ಲಿ ಹಿಡಿದು, ಬೆಂಕಿಕಡ್ಡಿ ತೋರಿಸು. ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿದರೆ ಹತ್ತಿ. ಸುರುಟಿಕೊಂಡು, ತುದಿಯಲ್ಲಿ ಕಪ್ಪು ಮಣಿಯ ಹಾಗೆ ಗಟ್ಟಿ ಉಂಡೆ ಆದರೆ ಪಾಲಿಯೆಸ್ಟರ್. ಕಿಡಿ ಬಿದ್ದಾಗ ಆ ಮಣಿಯೇ ನಿನ್ನ ಚರ್ಮಕ್ಕೆ ಅಂಟುತ್ತದೆ, ಕಿತ್ತರೆ ಚರ್ಮವೂ ಬರುತ್ತದೆ. ಟೆರಿಕಾಟ್ ಯೂನಿಫಾರ್ಮಿನದೂ ಇದೇ ಕತೆ, ಅರ್ಧ ಪಾಲಿಯೆಸ್ಟರ್ ಇರುತ್ತದೆ. ಹೊರಗಿನ ಬಟ್ಟೆ ಮಾತ್ರ ಅಲ್ಲ, ಒಳಉಡುಪು, ಕಾಲುಚೀಲ ಎಲ್ಲವೂ ಹತ್ತಿಯದೇ ಇರಲಿ. ಹುಡುಗರಿಗೂ ಹೇಳು.

ವರ್ಕ್‌ಶಾಪಿಗೆ ದಪ್ಪ ಹತ್ತಿಯ ಪ್ಯಾಂಟು, ತುಂಬುತೋಳಿನ ಶರ್ಟು ಬೇಕು. ಹಳೆಯ ಜೀನ್ಸ್ ಚೆನ್ನಾಗಿ ಆಗುತ್ತದೆ. ತುದಿಯಲ್ಲಿ ನೂಲು ಬಿಟ್ಟಿರಬಾರದು, ನೂಲು ಬತ್ತಿಯ ಹಾಗೆ ಹತ್ತಿಕೊಳ್ಳುತ್ತದೆ. ಕೆಳಗೆ ಮಡಚಬೇಡ, ಮಡಿಕೆಯಲ್ಲಿ ಕಿಡಿ ಕೂರುತ್ತದೆ. ಜೇಬಿಗೆ ಮುಚ್ಚಳ ಇರಲಿ, ಇಲ್ಲದಿದ್ದರೆ ಹೊಲಿದುಬಿಡು. ಗಾಢ ಬಣ್ಣ ಒಳ್ಳೆಯದು. ಬಿಳಿ ಶರ್ಟು ಆರ್ಕಿನ ಬೆಳಕನ್ನು ಕೆಳಗಿನಿಂದ ಸ್ಕ್ರೀನಿನ ಒಳಕ್ಕೆ ತಳ್ಳುತ್ತದೆ. ಕುತ್ತಿಗೆಯ ಗುಂಡಿ ಹಾಕಿಕೋ. ಅಲ್ಲಿ ಬಿಟ್ಟ ವೆಲ್ಡರ್‌ಗಳ ಎದೆಯ ಮೇಲೆ ವಿ ಆಕಾರದಲ್ಲಿ ಕರಿದಾಗಿ ಸುಟ್ಟ ಗುರುತು ನೋಡಿರಬಹುದು. ಅದು ಸಣ್ಣ ವಿಷಯವಲ್ಲ. ವೆಲ್ಡಿಂಗಿನ ಹೊಗೆ, ಅತಿನೇರಳೆ ಕಿರಣ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ಖಚಿತವಾಗಿ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿತು.

ದುಪಟ್ಟಾ ಒಳಗೆ ಬರಲೇಬಾರದು. ಜಡೆಯನ್ನು ಸುತ್ತಿ ಹತ್ತಿ ಟೋಪಿಯೊಳಗೆ ಇಡು. ಬಳೆ, ಉಂಗುರ, ಸರ ಬಿಚ್ಚಿಡು, ಕರೆಂಟಿಗೆ ಲೋಹ ತಾಗಬಾರದು.

ಗ್ಲೌಸ್ ಬಗ್ಗೆ ನಿನ್ನ ದೂರು ಸರಿಯಾಗಿದೆ. 14 ಇಂಚಿನ ಕ್ರೋಮ್ ಲೆದರ್ ಗ್ಲೌಸು ದೊಡ್ಡ ಕೈಗೆ ಅಂತಲೇ ಹೊಲಿದಿರುತ್ತಾರೆ. ಬೆರಳ ತುದಿ ಖಾಲಿ ಇದ್ದರೆ ರಾಡ್ ಜಾರುತ್ತದೆ, ಆಗ ಮಕ್ಕಳು ಗ್ಲೌಸೇ ಬಿಚ್ಚುತ್ತಾರೆ. ಟಿಗ್‌ಗೆ ಅಂತ ತೆಳು ಮೇಕೆ ಚರ್ಮದ ಗ್ಲೌಸು ಚಿಕ್ಕ ಸೈಜಿನಲ್ಲೂ ಸಿಗುತ್ತದೆ. ಕಲಿಯುವಾಗ ತೆಳುವಾದ 12 ನಂಬರ್ ರಾಡಿಗೆ ಅದು ನಡೆಯುತ್ತದೆ, ಆದರೆ ಬಿಸಿ ಕಬ್ಬಿಣ ಹಿಡಿಯಲು ಇಕ್ಕಳವೇ ಬೇಕು. ಬೆಂಗಳೂರಿಗೆ ಹೋಗುವವರಿದ್ದರೆ ಎಸ್‌ಜೆಪಿ ರಸ್ತೆಯ ಅಂಗಡಿಗಳಲ್ಲಿ ಕೇಳಿಸು. ಕೊಳ್ಳುವ ಮೊದಲು ಕೈ ಹಾಕಿ ಒಂದು ಪೆನ್ಸಿಲ್ ಹಿಡಿದು ನೋಡಬೇಕು.

ಶೂ ವಿಷಯದಲ್ಲಿ ನನ್ನ ಎಡಪಾದವೇ ಪಾಠ. 1986ರಲ್ಲಿ ಕ್ಯಾನ್ವಾಸ್ ಶೂ, ನೈಲಾನ್ ಕಾಲುಚೀಲ ಹಾಕಿಕೊಂಡು ಏಣಿಯ ಮೇಲೆ ಕೆಲಸ ಮಾಡುತ್ತಿದ್ದೆ. ಮೆಣಸಿನಕಾಳಿನಷ್ಟು ಕರಗಿದ ಲೋಹ ಶೂ ಒಳಗೆ ಇಳಿಯಿತು. ಏಣಿ ಇಳಿದು, ಲೇಸ್ ಬಿಚ್ಚಿ, ಶೂ ಕಿತ್ತು ತೆಗೆಯುವಷ್ಟರಲ್ಲಿ ಕಾಲುಚೀಲ ಮಾಂಸಕ್ಕೆ ಅಂಟಿತ್ತು. ನಾಲ್ಕಾಣೆ ಅಗಲದ ಕಲೆ ಈಗಲೂ ಇದೆ, ಚಳಿಗಾಲದಲ್ಲಿ ಸೆಳೆಯುತ್ತದೆ. ಕಣಕಾಲು ಮುಚ್ಚುವ ಚರ್ಮದ ಬೂಟು, ಅದರ ಮೇಲೆ ಪ್ಯಾಂಟು. ಪ್ಯಾಂಟನ್ನು ಬೂಟಿನೊಳಗೆ ಸೇರಿಸಿದರೆ ಬೂಟೇ ಕಿಡಿ ಹಿಡಿಯುವ ಬಟ್ಟಲಾಗುತ್ತದೆ. ಐಎಸ್ 15298 ಗುರುತು ಇರುವ ಸೇಫ್ಟಿ ಶೂ ತಗೋ.

ರಾಯಚೂರಿನಿಂದ

ಪ್ರಶ್ನೆ: ನಮ್ಮ ಕಡೆ ಬೇಸಿಗೆಯಲ್ಲಿ ಲೆದರ್ ಜಾಕೆಟ್ ಹಾಕಿಕೊಂಡು ಕೆಲಸ ಮಾಡುವುದು ಸಾಧ್ಯವೇ ಇಲ್ರೀ. ಏನು ಮಾಡಬೇಕು?

ಉತ್ತರ: ಜಾಕೆಟ್ ಬೇಡ. ದಪ್ಪ ಹತ್ತಿಯ ಶರ್ಟು, ಮೊಣಕೈವರೆಗೆ ಲೆದರ್ ತೋಳು, ಮುಂದೆ ಲೆದರ್ ಏಪ್ರನ್. ಬೆನ್ನು ಗಾಳಿಗೆ ಬಿಟ್ಟಿರುತ್ತದೆ. ಮೇಜಿನ ಮೇಲಿನ ಕೆಲಸಕ್ಕೆ ಇಷ್ಟು ಸಾಕು. ತಲೆಯ ಮೇಲಿನ ಜಾಯಿಂಟಿಗೆ ಮಾತ್ರ ಭುಜ ಮುಚ್ಚಲೇಬೇಕು, ಆ ಕೆಲಸವನ್ನು ಬೆಳಗ್ಗೆ ಎಂಟರೊಳಗೆ ಮುಗಿಸಿಕೊಳ್ಳಿ. ಎರಡು ಜೊತೆ ಗ್ಲೌಸ್ ಇಟ್ಟುಕೊಳ್ಳಿ. ಬೆವರಿಗೆ ಒದ್ದೆಯಾದ ಗ್ಲೌಸಿನಲ್ಲಿ ರಾಡ್ ಬದಲಾಯಿಸಿದರೆ ಕರೆಂಟ್ ಹೊಡೆಯುತ್ತದೆ. ಆರ್ಕ್ ಇಲ್ಲದಾಗಲೂ ಹೋಲ್ಡರಿನಲ್ಲಿ 60, 80 ವೋಲ್ಟ್ ಇರುತ್ತದೆ, ಒದ್ದೆ ಮೈಗೆ ಅದು ಕಡಿಮೆಯೇನಲ್ಲ. ಒಂದು ಜೊತೆ ಒಣಗಲಿ, ಒಂದು ಜೊತೆ ಕೈಯಲ್ಲಿರಲಿ.

ಹರಿಹರದಿಂದ

ಪ್ರಶ್ನೆ: ಸಣ್ಣ ಶೆಡ್ಡು ನನ್ನದು. ಇಬ್ಬರು ವೆಲ್ಡರ್, ಒಬ್ಬ ಹೆಲ್ಪರ್. ಎಲ್ಲ ಒಟ್ಟಿಗೆ ಕೊಡಿಸುವಷ್ಟು ದುಡ್ಡಿಲ್ಲ. ಯಾವುದು ಮೊದಲು?

ಉತ್ತರ: ಹೆಲ್ಪರಿಗೆ ಸ್ಕ್ರೀನ್ ಮೊದಲು. ವೆಲ್ಡರ್ ಹತ್ತಿರ ಒಂದಾದರೂ ಇರುತ್ತದೆ, ಹೆಲ್ಪರ್ ಹತ್ತಿರ ಏನೂ ಇರುವುದಿಲ್ಲ. ಕಬ್ಬಿಣ ಹಿಡಿದುಕೊಂಡು, ಮುಖ ಆ ಕಡೆ ತಿರುಗಿಸಿ ನಿಂತಿರುತ್ತಾನೆ. ಮುಖ ತಿರುಗಿಸಿದರೂ ಗೋಡೆ, ಶೀಟಿಗೆ ಬಡಿದ ಕಿರಣ ವಾಪಸ್ ಬಂದು ಕಣ್ಣಿಗೆ ಹೊಡೆಯುತ್ತದೆ.

ಎರಡನೆಯದು ಮೂವರಿಗೂ ಪಕ್ಕ ಮುಚ್ಚಿದ ಬಿಳಿ ಸೇಫ್ಟಿ ಕನ್ನಡಕ. ಸ್ಕ್ರೀನ್ ಇಳಿಸಿ ಸ್ಲ್ಯಾಗ್ ಒಡೆಯುವಾಗಲೇ ಬಿಸಿ ಚಕ್ಕೆ ಹಾರುವುದು. ಗ್ರೈಂಡರ್ ಹಿಡಿದಾಗಲಂತೂ ಅದು ಬೇಕೇ ಬೇಕು. ಇದಕ್ಕೆ ಖರ್ಚು ಬಹಳ ಕಡಿಮೆ. ಮೂರನೆಯದು ವೈಟ್ ಗ್ಲಾಸಿನ ಒಂದು ಡಬ್ಬ, ಕೇಳದೆ ತೆಗೆದುಕೊಳ್ಳುವ ಹಾಗೆ ಗೋಡೆಯ ಮೇಲೆ ಇಡಿ. ಆಮೇಲೆ ಗ್ಲೌಸು, ಏಪ್ರನ್ನು, ಬೂಟು. ಸತು ಲೇಪಿಸಿದ ಕಲಾಯಿ ಪೈಪ್ ಕೆಲಸ ಇದ್ದರೆ ಐಎಸ್ 9473 ಮುದ್ರೆಯ ಮಾಸ್ಕ್ ಸೇರಿಸಿ. ಹಾಲು ಕುಡಿದರೆ ಸತುವಿನ ಹೊಗೆ ಏನೂ ಮಾಡುವುದಿಲ್ಲ ಅನ್ನುವುದು ಸುಮ್ನೆ ಮಾತು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ 35ನೇ ಸೆಕ್ಷನ್ ಕಣ್ಣಿನ ರಕ್ಷಣೆಗೆ ಅಂತ ಇತ್ತು. ಹಾರುವ ಚೂರು, ಅತಿಯಾದ ಬೆಳಕು ಇರುವ ಕೆಲಸಕ್ಕೆ ಪರದೆ ಅಥವಾ ಗಾಗಲ್ಸ್ ಕೊಡಬೇಕು ಅನ್ನುವುದು ಅದರ ಸಾರ. ಮೂರು ಜನರ ಶೆಡ್ಡಿಗೆ ಅದು ಅನ್ವಯಿಸುತ್ತಿರಲಿಲ್ಲ, ಆದರೆ ಆರ್ಕಿಗೆ ಶೆಡ್ಡು ದೊಡ್ಡದೋ ಚಿಕ್ಕದೋ ಗೊತ್ತಾಗುವುದಿಲ್ಲ. ನಿಮ್ಮ ವೆಲ್ಡರ್‌ಗಳಲ್ಲಿ ಯಾರಿಗಾದರೂ ನಲವತ್ತು ದಾಟಿದ್ದರೆ, ಶಿವಮೊಗ್ಗದವರಿಗೆ ಬರೆದ ಉತ್ತರ ತೋರಿಸಿ, ಒಂದು ದಾರವನ್ನೂ ಕೊಡಿ. ಕಣ್ಣು ತೋರಿಸಲು ಅರ್ಧ ದಿನ ರಜೆ ಕೊಟ್ಟು ಸಂಬಳ ಹಿಡಿಯಬೇಡಿ.

ಹೆಲ್ಪರಿಗೆ ಸ್ಕ್ರೀನ್ ತಂದ ದಿನ ಪತ್ರಿಕೆಯ ವಿಳಾಸಕ್ಕೆ ನನಗೊಂದು ಕಾರ್ಡ್ ಹಾಕಿ. ಕಾಯುತ್ತಿರುತ್ತೇನೆ.